ಹಸಿರು ಗುರುತು ಬಂದ ಮೇಲೆ

ಜನವರಿ ೧೩, ಸೋಮವಾರ

ಈ ಊರಿನಲ್ಲಿ ಯಾರೂ ಯಾರಿಗೂ ಬೈಯುವುದಿಲ್ಲ. ಸರೋವರದ ದಡದ ಈ ಡುಲೂತ್‌ನಲ್ಲೇ ಹುಟ್ಟಿ, ಇಲ್ಲೇ ಐವತ್ತು ದಾಟಿದ ನನಗೂ ಬೈಯಲು ಬರುವುದಿಲ್ಲ. ಎದುರಿಗೆ ನಕ್ಕು, ಪರವಾಗಿಲ್ಲ ಬಿಡಿ ಎಂದು ಹೇಳಿ, ಮನೆಗೆ ಬಂದು ಪಾತ್ರೆ ಕುಕ್ಕುವುದು ನಮ್ಮ ಪದ್ಧತಿ. ಕುಕ್ಕಿ ಕುಕ್ಕಿ ಸಾಕಾಗಿದೆ. ಇನ್ನು ಮೇಲೆ ಇಲ್ಲಿ ಬರೆದು ಬೈಯುತ್ತೇನೆ.

ಬ್ಯಾಂಕಿನಲ್ಲಿ ಅರ್ಧ ಆಯಸ್ಸು ಕಳೆದವಳು ನಾನು. ಒಂದು ಕಚೇರಿಯ ಫೈಲುಗಳು ಮನುಷ್ಯರ ಕೈ ಸೋಕದೆ ಕ್ಲೌಡ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಕಚೇರಿಗೆ ಇಳಿಯುವ ಹಾಗೆ ಏರ್ಪಾಡು ಮಾಡುವುದು ನನ್ನ ಕೆಲಸ. ಲಕ್ಷಗಟ್ಟಲೆ ಫೈಲು ಸಾಗಿಸಿದ್ದೇನೆ, ಒಂದೂ ದಾರಿ ತಪ್ಪಿಲ್ಲ. ಕಳೆದ ಅಕ್ಟೋಬರಿನಲ್ಲಿ ಬ್ಯಾಂಕಿನವರು ನನ್ನ ಕೆಲಸವನ್ನೇ ಬೇರೆ ಊರಿಗೆ ಸಾಗಿಸಿದರು. ಅದೂ ದಾರಿ ತಪ್ಪಲಿಲ್ಲ.

ಈಗ ಸಿಕ್ಕಿರುವುದು ಚರ್ಚಿನ ನೆಲಮಾಳಿಗೆ. ಕಣ್ಣು ಕಾಣದವರಿಗೆ ಪತ್ರಿಕೆ ಓದಿ ಕೇಳಿಸುವ ರೇಡಿಯೋ ಅಂತೆ. ದನಿ ಮುದ್ರಿಸಲು ಗಾಜಿನ ಒಂದು ಬೂತು, ಒಂದು ಮೈಕು, ಕೆಮ್ಮುವ ಕಂಪ್ಯೂಟರು, ಸಂಬಳವಿಲ್ಲದೆ ಬಂದು ಓದುವ ಮುದುಕ ಮುದುಕಿಯರು. ಇವರು ಓದಿದ್ದನ್ನು ಪ್ರಸಾರ ಮಾಡುವ ಕಂಪ್ಯೂಟರ್ ಗುಡ್ಡದ ಮೇಲಿನ ಕಾಲೇಜಿನಲ್ಲಿದೆ. ಇಷ್ಟು ವರ್ಷ ಇದರ ವ್ಯವಸ್ಥಾಪಕ ಡ್ಯಾರೆಲ್ ಕ್ವಿಸ್ಟ್ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ದಿನಾ ಸಂಜೆ ಗುಡ್ಡ ಹತ್ತುತ್ತಿದ್ದನಂತೆ. ಕ್ರಿಸ್‌ಮಸ್ ಹೊತ್ತಿಗೆ ಮಂಜಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ. ಆಮೇಲೆ ಅವನಿಗೆ ಕ್ಲೌಡ್ ನೆನಪಾಯಿತು.

"ನಿಮ್ಮಂಥೋರು ಇಷ್ಟು ಸಣ್ಣ ಕೆಲಸಕ್ಕೆ ಒಪ್ಪಿದ್ದು ದೊಡ್ಡದು ಕಣ್ರೀ ರೋಂಡಾ" ಎಂದ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು.

"ಪರವಾಗಿಲ್ಲ ಬಿಡಿ" ಎಂದೆ.

ಜನವರಿ ೧೬, ಗುರುವಾರ

ಏರ್ಪಾಡು ಮುಗಿಯಿತು, ಸೋಮವಾರದಿಂದ ಬಳಕೆಗೆ. ಬ್ಯಾಂಕಿನಲ್ಲಿ ಮಾಡಿದಂತೆಯೇ, ಎರಡೂ ಕಡೆ ಕನ್ನಡಿ. ಬೂತಿನ ಫೋಲ್ಡರಿನಲ್ಲಿ ಏನಿರುತ್ತದೋ ಕ್ಲೌಡಿನಲ್ಲೂ ಅದೇ ಇರುತ್ತದೆ, ಒಂದು ಕೂದಲೂ ಹೆಚ್ಚು ಕಮ್ಮಿ ಇಲ್ಲ. ಬೆಳಗಾಗುವ ಮುಂಚೆ ಕಾಲೇಜಿನ ಕಂಪ್ಯೂಟರ್ ಕ್ಲೌಡಿನಿಂದ ಅದನ್ನು ಇಳಿಸಿಕೊಳ್ಳುತ್ತದೆ. ಇಂಥ ಅಚ್ಚುಕಟ್ಟನ್ನು ಈ ನೆಲಮಾಳಿಗೆ ಕಂಡಿರಲಾರದು.

ಓದುವವರನ್ನೆಲ್ಲ ಕೂರಿಸಿ ಪಾಠ ಹೇಳಿದೆ. ಓದಿ, ಉಳಿಸಿ, ಕಾಯಿರಿ. ಫೈಲಿನ ಪಕ್ಕ ಹಸಿರು ಗುರುತು ಬಂದರೆ ಅದು ಹೋಯಿತು ಎಂದರ್ಥ. ಇದನ್ನು ಚಿಕ್ಕ ಮಕ್ಕಳಿಗೆ ಹೇಳಿದ್ದರೆ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು. ಇವರು ತಲೆಯಾಡಿಸಿ ಕಾಫಿ ಕುಡಿದರು.

ಇವರಲ್ಲಿ ಹಿರಿಯಾಕೆ ಐಯೋನ್ ಸ್ಯಾಂಡ್ವಿಕ್. ಎಂಬತ್ತರ ಹತ್ತಿರ, ಬೆನ್ನು ಕೋಲಿನ ಹಾಗೆ ನೇರ. ಪ್ರತಿ ಗುರುವಾರ ಸಂಜೆ ಈಕೆ ಓದುವುದು ಏನು ಗೊತ್ತೇ? ದಿನಸಿ ಅಂಗಡಿಗಳ ಜಾಹೀರಾತು! ಯಾವ ಅಂಗಡಿಯಲ್ಲಿ ಹಂದಿಮಾಂಸ ಅಗ್ಗ, ಯಾವುದರಲ್ಲಿ ಎಲೆಕೋಸು ಅಗ್ಗ, ಎರಡು ಡಬ್ಬಿ ಬಟಾಣಿ ಕೊಂಡರೆ ಮೂರನೆಯದು ಪುಕ್ಕಟೆ. ಒಂದು ಗಂಟೆ ಪೂರ್ತಿ. ಶುಕ್ರವಾರ ಬೆಳಿಗ್ಗೆ ಅದರ ಪ್ರಸಾರ. ಜಗತ್ತಿನಲ್ಲಿ ಇಷ್ಟೆಲ್ಲ ಪುಸ್ತಕಗಳಿವೆ. ಕಣ್ಣಿಲ್ಲದವರ ಕಿವಿಗೆ ಇವರು ಹಾಕುವುದು ಎಲೆಕೋಸು.

ಜನವರಿ ೨೪, ಶುಕ್ರವಾರ

ಬೆಳಿಗ್ಗೆ ಎಲೆಕೋಸಿನ ಗಂಟೆಯಲ್ಲಿ ರೇಡಿಯೋ ಮೂಕಾಯಿತು. ಫೈಲ್ ಇರಲಿಲ್ಲ.

ಎಂಟು ಹೊಡೆಯುವುದರೊಳಗೆ ಫೋನು. ಡ್ಯಾರೆಲ್ ರಿಸೀವರನ್ನು ನನ್ನ ಕಡೆ ಚಾಚಿ ಕಾಫಿ ತರುವ ನೆಪದಲ್ಲಿ ಮಾಯವಾದ.

"ಯಾರಮ್ಮಾ ನೀನು? ಐಯೋನ್ ಎಲ್ಲಿ? ಸತ್ತಳೇನು?"

"ಇಲ್ಲ, ಚೆನ್ನಾಗಿದ್ದಾರೆ. ನಾನು ರೋಂಡಾ, ಇಲ್ಲಿನ ತಾಂತ್ರಿಕ..."

"ಓ, ಆ ಕ್ಲೌಡಿನೋಳಾ! ನಾನು ಟೊಯ್ವೊನೆನ್. ಗಣೀಲಿ ಇದ್ದೋನು, ಕಣ್ಣು ಹೋಗಿ ಹದಿನೈದು ವರ್ಷ ಆಯ್ತು. ಡ್ಯಾರೆಲ್ ಜೇಬಲ್ಲಿ ಹಾಕ್ಕೊಂಡು ಹೋಗ್ತಿದ್ದಾಗ ಒಂದಿನವೂ ತಪ್ಪಿರ್ಲಿಲ್ಲ ತಾಯಿ. ನಿನ್ನ ಯಂತ್ರಕ್ಕಿಂತ ಅವನ ಪ್ಯಾಂಟೇ ವಾಸಿ."

ಪರವಾಗಿಲ್ಲ ಬಿಡಿ ಎಂದು ಹೇಳಬೇಕಾಗಿತ್ತು. ವಿಚಾರಿಸುತ್ತೇನೆ ಎಂದು ಫೋನ್ ಇಟ್ಟೆ.

ತಪ್ಪು ಕಾಲೇಜಿನವರದ್ದೇ. ನನ್ನ ಏರ್ಪಾಡು ತಪ್ಪುವುದಿಲ್ಲ.

ಜನವರಿ ೨೭, ಸೋಮವಾರ

ಕಾಲೇಜಿನವರದ್ದಲ್ಲ. ಫೈಲು ಗುರುವಾರ ಸಂಜೆ ಕ್ಲೌಡ್ ಸೇರಿದೆ, ಸ್ವಲ್ಪ ಹೊತ್ತಿನಲ್ಲೇ ಅಲ್ಲಿಂದ ಅಳಿಸಿಹೋಗಿದೆ. ಯಾರೋ ಕಳ್ಳರು ಒಳಗೆ ನುಗ್ಗಿದ್ದಾರೆ. ಎಲೆಕೋಸಿನ ಬೆಲೆ ಕದಿಯುವ ಕಳ್ಳರು ಎಂಥವರೋ! ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿದೆ. ಮಧ್ಯಾಹ್ನದೊಳಗೆ ಅರ್ಧ ಜನ ಮರೆತರು, ಉಳಿದರ್ಧ ಜನ ಬೂತಿನ ಗೋಡೆಗೆ ಬರೆದು ಅಂಟಿಸಿದರು.

ಜನವರಿ ೩೧, ಶುಕ್ರವಾರ

ಮತ್ತೆ ಮೌನ. ಅದೇ ಗಂಟೆ, ಅದೇ ಫೈಲು. ಉಳಿದ ಕಾರ್ಯಕ್ರಮಗಳೆಲ್ಲ ನೆಟ್ಟಗೆ ಹೋಗುತ್ತಿವೆ.

ಡ್ಯಾರೆಲ್ ನನ್ನ ಮೇಜಿನ ಹತ್ತಿರ ಬಂದು ಹವಾಮಾನದ ಮಾತಾಡಿದ, ಸರೋವರದ ಗಾಳಿಯ ಮಾತಾಡಿದ, ನನ್ನ ಕಾರಿನ ಬ್ಯಾಟರಿ ವಿಚಾರಿಸಿದ. ಇವರು ವಿಷಯಕ್ಕೆ ಬರುವಷ್ಟರಲ್ಲಿ ಐಸ್ ಕರಗುತ್ತದೆ. ಕೊನೆಗೂ ಬಂತು.

"ಕಾಲೇಜಿನೋರು ಫೋನ್ ಮಾಡಿದ್ರು. ಬೇಜಾರೇನಿಲ್ಲ ಅಂದ್ರು. ಆದ್ರೆ ಈ ಫೆಬ್ರವರಿಲಿ ಇನ್ನೊಂದು ಸಲ ಮೂಕಾದ್ರೆ ನಮ್ಮ ಪ್ರಸಾರದ ಜಾಗವನ್ನ ಕಾಲೇಜಿನ ಹಾಕಿ ಪಂದ್ಯದ ವಿವರಣೆಗೆ ಕೊಡ್ತಾರಂತೆ."

"ಅಂದ್ರೆ ರೇಡಿಯೋ ಮುಚ್ಚಿದ ಹಾಗೆ?"

"ಹಾಗೇನು ಅವ್ರು ಹೇಳ್ಲಿಲ್ಲ" ಎಂದ. ಅಂದರೆ ಹೌದು ಎಂದು.

ನನಗೇನು? ಫೆಬ್ರವರಿ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತದೆ. ಆದರೆ ನಾನು ಕಟ್ಟಿದ ಏರ್ಪಾಡು ಕೆಟ್ಟಿತು ಎಂದು ಊರು ಹೇಳಬಾರದು.

ಟೊಯ್ವೊನೆನ್ ಇವತ್ತೂ ಫೋನ್ ಮಾಡಿದ. ಜಾಹೀರಾತಿಗಾಗಿ ಇಷ್ಟು ರಂಪ ಮಾಡುವ ಗಂಡಸನ್ನು ನಾನು ಕಂಡಿಲ್ಲ. ಅವನ ಮನೆಗೆ ಸಾಮಾನು ತರುವುದು ಸೊಸೆ ಎಂದು ಡ್ಯಾರೆಲ್ ಹೇಳಿದ್ದ. ರೇಗಿ ಕೇಳಿಯೇಬಿಟ್ಟೆ: "ನಿಮ್ಮ ಸೊಸೆ ಸಾಮಾನು ತಂದುಕೊಡ್ತಾಳಲ್ಲ, ಮತ್ತೆ ನಿಮಗ್ಯಾಕೆ ಬೆಲೆಯ ಚಿಂತೆ?"

"ತಂದುಕೊಡ್ತಾಳೆ, ಒಳ್ಳೆ ಹುಡುಗಿ" ಎಂದ. "ಐಯೋನ್ ಓದಿದ್ರೆ, ಇಂಥ ಅಂಗಡೀಲಿ ಇಂಥದ್ದು ತಾ ಅಂತ ನಾನು ಹೇಳ್ತೀನಿ. ಓದದಿದ್ರೆ ಅವಳೇ ಏನೋ ಒಂದು ತರ್ತಾಳೆ, ನಾನು ಬಾಯಿ ಮುಚ್ಕೊಂಡು ತಿಂತೀನಿ. ಹೋದ ವಾರ ಮೊಸರು ತಂದಿದ್ಲು, ಪೀಚ್ ಹಣ್ಣಿನ ವಾಸನೇದು. ನಾನು ಗಣೀಲಿ ಡೈನಮೈಟ್ ಹೊತ್ತೋನು ಕಣಮ್ಮಾ. ಪೀಚ್ ಮೊಸರು!"

ಮುದುಕನ ಗೋಳು. ನಗು ಬಂತು, ಆದರೂ ಯಾಕೋ ಅವನ ಮಾತನ್ನು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ.

ಫೆಬ್ರವರಿ ೬, ಗುರುವಾರ

ಕಳ್ಳರು ಸಿಕ್ಕಿದರು. ಹೆಸರು ಐಯೋನ್ ಸ್ಯಾಂಡ್ವಿಕ್.

ಸಂಜೆ ಬೂತಿನ ಗಾಜಿನ ಹೊರಗೆ ಕೂತು ನೋಡುತ್ತಿದ್ದೆ. ಓದಿ ಮುಗಿಸಿದಳು. ಉಳಿಸಿದಳು. ಉಳಿದವರೆಲ್ಲ ಇಷ್ಟಕ್ಕೆ ಎದ್ದು, ಕಪ್ಪನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ಈಕೆ ಮಾತ್ರ ಕೈ ಕಟ್ಟಿ ಕೂತು ಹಸಿರು ಗುರುತಿಗಾಗಿ ಕಾದಳು. ನಾನು ಹೇಳಿದ್ದನ್ನು ಇಡೀ ಚರ್ಚಿನಲ್ಲಿ ಪಾಲಿಸುವವಳು ಇವಳೊಬ್ಬಳೇ. ಗುರುತು ಬಂತು. ಎದ್ದಳು. ಕಪ್ಪು ತೊಳೆದಳು, ಮೇಜು ಒರೆಸಿದಳು, ಜಾಹೀರಾತಿನ ಹಾಳೆಗಳನ್ನು ಮಡಿಸಿ ರದ್ದಿಗೆ ಹಾಕಿದಳು, ಕುರ್ಚಿ ಒಳಗೆ ತಳ್ಳಿದಳು. ಆಮೇಲೆ ಬಗ್ಗಿ, ಒಂದು ಬೆರಳಿನಿಂದ, ಫೈಲನ್ನು ಅಳಿಸಿದಳು.

ಇಲ್ಲಿ ಅಳಿದದ್ದು ಕ್ಲೌಡಿನಲ್ಲೂ ಅಳಿಯಿತು. ಕನ್ನಡಿಯಲ್ಲವೇ?

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. "ಏನ್ ಮಾಡ್ತಿದ್ದೀರಿ?"

"ಎತ್ತಿಡ್ತಿದ್ದೀನಿ" ಎಂದಳು, ನಾನೇ ಎಡವಟ್ಟು ಮಾಡಿದವಳೇನೋ ಎಂಬಂತೆ ನೋಡುತ್ತ. "ನಾಳೆ ಬರೋರಿಗೆ ನನ್ನ ಕಸ ಯಾಕೆ? ಹಸಿರು ಬಂದ್ರೆ ಹೋಯ್ತು ಅಂತ ನೀನೇ ಹೇಳಿದ್ದೆ. ಹೋಯ್ತು. ಕ್ಲೀನ್ ಮಾಡಿದೆ. ಡ್ಯಾರೆಲ್ ತಗೊಂಡು ಹೋಗ್ತಿದ್ದಾಗಲೂ ಹೀಗೇ ಮಾಡ್ತಿದ್ದೆ."

ಇಲ್ಲಿಯವರೆಗೆ ಯಾರಿಗೂ ಬೈಯದ ನನ್ನ ಬಾಯಿ ಇವತ್ತು ತೆರೆಯಿತು. "ಇದು ನಿಮ್ಮ ಚರ್ಚಿನ ಅಡುಗೆಮನೆ ಅಲ್ಲ ಐಯೋನ್! ಒರೆಸಿ ತೊಳೆದು ಇಡೋಕೆ! ನಿಮ್ಮ ಈ ಶುಚಿ ಹುಚ್ಚಿನಿಂದ ಎರಡು ಸಲ ರೇಡಿಯೋ ಮೂಕಾಗಿದೆ. ನಿಮಗೆ ಅರ್ಥ ಆಗಲ್ಲ ಅಂದ್ರೆ ಮುಟ್ಟಬೇಡಿ, ಅಷ್ಟೇ."

ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. "ಓ" ಎಂದಳು. "ಹೀಗೆ ಮಾತಾಡೋದೂ ಒಂದು ರೀತಿ, ಅಲ್ವಾ?" ನಕ್ಕು, ದೀಪ ಆರಿಸಿ ಹೋದಳು. ನಾನು ಕತ್ತಲಲ್ಲಿ ನಿಂತೆ.

ಅಳಿಸಿದ ಫೈಲನ್ನು ಕಂಪ್ಯೂಟರಿನ ಕಸದ ಬುಟ್ಟಿಯಿಂದ ಎತ್ತಿ ವಾಪಸು ಹಾಕಿದ್ದೇನೆ. ನಾಳೆ ಪ್ರಸಾರವಾಗುತ್ತದೆ. ಸತ್ಯ ಹೇಳಿದ್ದೇನೆ, ನನ್ನ ತಪ್ಪೇನೂ ಇಲ್ಲ.

ಫೆಬ್ರವರಿ ೭, ಶುಕ್ರವಾರ

ನನ್ನ ಮೇಜಿನ ಮೇಲೆ ಒಂದು ಟ್ರೇ ತುಂಬ ಚೌಕವಾಗಿ ಕತ್ತರಿಸಿದ ಚಾಕೊಲೇಟ್ ಬಾರು, ಮನೆಯಲ್ಲಿ ಬೇಯಿಸಿದ್ದು, ಇನ್ನೂ ಬಿಸಿ. ಪಕ್ಕದಲ್ಲಿ ಬೂತಿನ ಬೀಗದ ಕೈ.

"ಅಯ್ಯೋ" ಎಂದ ಡ್ಯಾರೆಲ್. "ಐಯೋನ್ ಬಾರು ಬೇಯಿಸಿ ತಂದಿದ್ದಾಳೆ ಅಂದ್ರೆ ತುಂಬ ಕೋಪ ಬಂದಿದೆ."

ಕೋಪ ಬಂದರೆ ಮಿಠಾಯಿ ಮಾಡುವ ಜನ! ಕೆಲಸ ಬಿಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಲು ಇವರಿಗೇನು ದಾಡಿ? ಎರಡು ತಿಂದೆ. ಚೆನ್ನಾಗಿತ್ತು, ಹಾಳಾದ್ದು.

ಫೆಬ್ರವರಿ ೧೧, ಮಂಗಳವಾರ

ಬೂತಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ: ಯಾವ ಫೈಲನ್ನೂ ಅಳಿಸಬೇಡಿ. ಇವತ್ತು ನೋಡಿದರೆ ಗೋಡೆ ಖಾಲಿ. ಗಮ್‌ಟೇಪು ಬಣ್ಣ ಕಿತ್ತುಹಾಕುತ್ತದೆ ಎಂದು ಯಾರೋ ಪುಣ್ಯಾತ್ಮರು ಚೀಟಿಯನ್ನು ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ, ಡ್ರಾಯರಿನಲ್ಲಿ ಇಟ್ಟಿದ್ದಾರೆ.

ಈ ಜನರನ್ನು ತಿದ್ದಲಾಗದು. ನನ್ನ ಕನ್ನಡಿಯನ್ನೇ ಕಿತ್ತೆ. ಮನಸ್ಸಿಲ್ಲದ ಮನಸ್ಸಿನಿಂದ ಕಿತ್ತೆ. ಬ್ಯಾಂಕಿನಲ್ಲಿ ಇಂಥ ಒಂಟಿ ದಾರಿಯ ಏರ್ಪಾಡನ್ನು ಯಾರಾದರೂ ಮಾಡಿದ್ದರೆ ನಾನೇ ನಗುತ್ತಿದ್ದೆ. ಇನ್ನು ಫೈಲು ಇಲ್ಲಿಂದ ಮೇಲಕ್ಕೆ ಹೋಗುತ್ತದೆ, ಅಷ್ಟೇ. ಕೆಳಗೆ ಇವರು ಅಳಿಸಲಿ, ಒರೆಸಲಿ, ಸೋಪು ಹಾಕಿ ತೊಳೆಯಲಿ, ಮೇಲಿನ ಪ್ರತಿ ಅಲುಗಾಡುವುದಿಲ್ಲ. ಒಂದು ಖಾಲಿ ಫೈಲು ಇಟ್ಟು, ಅಳಿಸಿ, ಪರೀಕ್ಷೆ ಮಾಡಿದೆ. ಮೇಲಿನ ಪ್ರತಿ ನಿಂತಿತು.

ದಡ್ಡರಿಗಾಗಿಯೇ ಕಟ್ಟಿದ ಏರ್ಪಾಡು.

ಫೆಬ್ರವರಿ ೧೪, ಶುಕ್ರವಾರ

ಜಾಹೀರಾತು ಓದಲು ಯಾರೂ ಮುಂದೆ ಬರಲಿಲ್ಲ. ಐಯೋನ್ ಕೂತ ಕುರ್ಚಿಯಲ್ಲಿ ಕೂರಲು ಇವರಿಗೆಲ್ಲ ಸಂಕೋಚವಂತೆ. ಕೊನೆಗೆ ಡ್ಯಾರೆಲ್ ಓದಿದ. ಯಾವ ಅಂಗಡಿ ಎಂದು ಹೇಳುವುದನ್ನೇ ಮರೆತ. ಗಂಟೆ ತುಂಬಿತು, ರೇಡಿಯೋ ಉಳಿಯಿತು.

"ಮೊಟ್ಟೆ ಅಗ್ಗ ಅಂದ" ಎಂದು ಟೊಯ್ವೊನೆನ್ ಫೋನಿನಲ್ಲಿ ಹರಿಹಾಯ್ದ. "ಎಲ್ಲಿ? ಚಂದ್ರನ ಮೇಲಾ? ಐಯೋನ್ ಆಗಿದ್ರೆ ಬೆಲೆ ಜಾಸ್ತಿ ಇದ್ದಾಗ ಒಂದು ಸಲ ಉಸಿರು ಎಳ್ಕೊಳ್ಳೋಳು. ಆ ಉಸಿರು ಕೇಳಿದ್ರೆ ಸಾಕು, ಅದನ್ನ ತರಬೇಡ ಅಂತಿದ್ದೆ ಸೊಸೆಗೆ. ಅವಳಿಗೆ ಏನಂದ್ಯಮ್ಮಾ ನೀನು?"

"ನಾನೇನಂದೆ?"

"ಊರಿಗೆಲ್ಲ ಗೊತ್ತು."

ಊರಿಗೆಲ್ಲ ಗೊತ್ತು! ನನಗೆ ಮಾತ್ರ ಎಲ್ಲರೂ ನಗುನಗುತ್ತ ಗುಡ್ ಮಾರ್ನಿಂಗ್ ಹೇಳುತ್ತಿದ್ದಾರೆ.

ಈ ಮುದುಕ ಮುಂದಿನ ಶುಕ್ರವಾರ ಫೋನ್ ಮಾಡದಿದ್ದರೆ ನನ್ನ ಬೆಳಿಗ್ಗೆ ಎಷ್ಟು ನೆಮ್ಮದಿಯಾಗಿರುತ್ತದೆ! ನಮ್ಮ ಪ್ರಸಾರ ಕೇಳಲು ಅವನಂಥವರಿಗೆ ಕೊಡುವ ರೇಡಿಯೋ ಪೆಟ್ಟಿಗೆಯಂಥದ್ದೇ ಒಂದನ್ನು ಡ್ಯಾರೆಲ್‌ನಿಂದ ಕೇಳಿ ಮನೆಗೆ ತಂದಿದ್ದೇನೆ, ಪರೀಕ್ಷೆಗೆ.

ಫೆಬ್ರವರಿ ೧೮, ಮಂಗಳವಾರ

ಡ್ಯಾರೆಲ್‌ನ ಮೋರೆ ನೋಡಲಾರದೆ ಐಯೋನ್ ಮನೆಗೆ ಹೋದೆ. ಖಾಲಿ ಟ್ರೇ ವಾಪಸು ಕೊಡುವ ನೆಪ. ಖಾಲಿ ಟ್ರೇ ಕೊಡಬಾರದು ಎಂದು ಅಮ್ಮ ಹೇಳುತ್ತಿದ್ದಳು, ಅದಕ್ಕೇ ಒಂದು ಡಬ್ಬಿ ಬಟಾಣಿ ಇಟ್ಟೆ. ಅಗ್ಗವಿತ್ತು.

ಕಾಫಿ ಎಂದಳು, ಬೇಡ ಎಂದೆ. ಸ್ವಲ್ಪ ಎಂದಳು, ತೊಂದರೆ ಬೇಡ ಎಂದೆ. ಕಾಯಿಸಿಯೇ ಇದೆ ಎಂದಳು, ಹಾಗಾದರೆ ಅರ್ಧ ಕಪ್ಪು ಎಂದೆ. ತುಂಬ ಕೊಟ್ಟಳು. ಹಿಮದ ಮಾತಾಡಿದೆವು, ಪಕ್ಕದ ಮನೆಯವರ ನಾಯಿಯ ಮಾತಾಡಿದೆವು.

ಹೊರಡಲು ಎದ್ದು, ಬಾಗಿಲಲ್ಲಿ ನಿಂತು, ಕೋಟು ಹಾಕಿಕೊಂಡು ಬೆವರುತ್ತ, ಕೊನೆಗೆ ಹೇಳಿದೆ: "ಫೈಲ್ ಅಳಿಸಿದ್ರೂ ಈಗ ತೊಂದರೆ ಇಲ್ಲ. ಹಾಗೆ ಮಾಡಿದ್ದೀನಿ."

"ಹೌದಾ?" ಎಂದಳು. "ಮೊದಲೇ ಹಾಗೆ ಮಾಡಬಹುದಿತ್ತಾ?"

"ಮಾಡಬಹುದಿತ್ತು."

"ಓ."

ಆ ಓ ಎಂಬುದು ನನ್ನ ಬೆನ್ನಿಗೆ ಅಂಟಿಕೊಂಡು ಕಾರಿನವರೆಗೂ ಬಂತು. ಗುರುವಾರ ಬರುತ್ತೀರಾ ಎಂದು ಕೇಳಿದ್ದಕ್ಕೆ "ನೋಡೋಣ" ಎಂದಳು. ಇವರ ನೋಡೋಣಕ್ಕೆ ಅರ್ಥ ಹುಡುಕುವ ಯಂತ್ರವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಫೆಬ್ರವರಿ ೨೦, ಗುರುವಾರ

ಮಧ್ಯಾಹ್ನದಿಂದ ಸರೋವರದ ಕಡೆಯಿಂದ ಹಿಮದ ಬಿರುಗಾಳಿ. ಗುಡ್ಡದ ರಸ್ತೆ ಮುಚ್ಚಿದರು. ಡ್ಯಾರೆಲ್ ಮನೆಯಲ್ಲೇ ಸಿಕ್ಕಿಕೊಂಡ. ಐಯೋನ್ ಫೋನ್ ಮಾಡಿದಳು: "ಹೊರಟಿದ್ದೆ ಕಣಮ್ಮ. ಗ್ಯಾರೇಜಿನ ಬಾಗಿಲೇ ತೆಗೆಯಕ್ಕಾಗ್ತಿಲ್ಲ, ಹಿಮ ಸೊಂಟದವರೆಗೆ ಬಂದಿದೆ."

ಹೊರಟಿದ್ದಳಂತೆ.

ನನ್ನ ಮನೆ ಚರ್ಚಿನಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ನೆಲಮಾಳಿಗೆಯಲ್ಲಿ ಉಳಿದವಳು ನಾನೊಬ್ಬಳೇ. ನಾಳೆ ಬೆಳಿಗ್ಗೆ ಆ ಗಂಟೆ ಮೂಕಾದರೆ ಎಲ್ಲ ಮುಗಿಯಿತು, ಇನ್ನು ಹಾಕಿ ಪಂದ್ಯವೇ. ಟೊಯ್ವೊನೆನ್ ಸಾಯುವವರೆಗೆ ಪೀಚ್ ಮೊಸರು ತಿನ್ನುತ್ತಾನೆ.

ಕೂತೆ. ಓದಿದೆ. ನನ್ನ ದನಿ ನನಗೇ ಕರ್ಕಶ. ಎಲೆಕೋಸಿಗೆ ಅಷ್ಟು ಬೆಲೆ ಇಟ್ಟ ಅಂಗಡಿಯವನಿಗೆ ನಾಚಿಕೆಯಾಗಬೇಕು ಎಂದು ಮೈಕಿನಲ್ಲೇ ಹೇಳಿಬಿಟ್ಟೆ. ಎರಡು ಕೊಂಡರೆ ಒಂದು ಪುಕ್ಕಟೆ ಎನ್ನುವ ಬಟಾಣಿ ಡಬ್ಬಿ ಹೋದ ವಾರಕ್ಕಿಂತ ಸಣ್ಣದಾಗಿದೆ, ಮೋಸ ಹೋಗಬೇಡಿ ಎಂದೆ. ಪೀಚ್ ಮೊಸರಿನ ಜಾಹೀರಾತು ಬಂತು, ಓದದೆ ಹಾಳೆ ತಿರುವಿದೆ. ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಹಸಿರು ಗುರುತು ಬರುವವರೆಗೆ ಕಾದು, ಎಲ್ಲ ಎತ್ತಿಟ್ಟು, ದೀಪ ಆರಿಸಿ, ಗಾಳಿಗೆ ಎದುರಾಗಿ ಮನೆಗೆ ಬಂದೆ. ಇಲ್ಲಿ ಕರೆಂಟ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ಮೇಣದಬತ್ತಿ ಹಚ್ಚಿ ಬರೆಯುತ್ತಿದ್ದೇನೆ. ಸುಸ್ತು.

ಫೆಬ್ರವರಿ ೨೧, ಶುಕ್ರವಾರ

ಹಲ್ಲುಜ್ಜುತ್ತಿದ್ದಾಗ ನೆನಪಾಯಿತು.

ಕಪ್ಪು ತೊಳೆದೆ. ಮೇಜು ಒರೆಸಿದೆ. ಹಾಳೆ ಮಡಿಸಿದೆ. ಕುರ್ಚಿ ತಳ್ಳಿದೆ. ಆಮೇಲೆ ಬಗ್ಗಿ...

ಅಳಿಸಿದೆ. ನಾನು. ಈ ಕೈಯಿಂದ.

ಬಾಯಲ್ಲಿ ನೊರೆ ಇಟ್ಟುಕೊಂಡೇ ಕಂಪ್ಯೂಟರಿನ ಹತ್ತಿರ ಓಡಿದೆ. ಏರ್ಪಾಡು ಬದಲಿಸಿದ್ದೇನೆ, ಮೇಲಿನ ಪ್ರತಿ ಇರುತ್ತದೆ ಎಂದು ತಲೆಗೆ ಗೊತ್ತು. ಆದರೆ ನಾನು ಪರೀಕ್ಷೆ ಮಾಡಿದ್ದು ಖಾಲಿ ಫೈಲಿನಿಂದ. ಗುರುವಾರದ ಫೋಲ್ಡರಿಗೂ ಆ ಬದಲಾವಣೆ ಮಾಡಿದ್ದೆನೋ ಇಲ್ಲವೋ? ಮಾಡಿದ್ದೆ. ಮಾಡಿದ್ದೆನೇ? ನೋಡೋಣವೆಂದರೆ ಕರೆಂಟ್ ಬಂದಿಲ್ಲ. ಬಾಗಿಲು ತೆಗೆದರೆ ಹಿಮದ ಗೋಡೆ. ಬ್ಯಾಂಕಿನವರು ಕೆಲಸದಿಂದ ತೆಗೆದ ದಿನವೂ ನಾನು ಹೀಗೆ ಹೆದರಿರಲಿಲ್ಲ.

ಬ್ಯಾಟರಿ ಹಾಕಿ ಆ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಹಿಂದಿನ ಕಾರ್ಯಕ್ರಮ ಮುಗಿಯಿತು. ಮೌನ. ಇನ್ನೂ ಮೌನ. ದೇವರೇ ಎಂದೆ, ಜೋರಾಗಿಯೇ.

ಆಮೇಲೆ ಒಬ್ಬ ಸಿಡುಕು ಹೆಂಗಸು ಗಂಟಲು ಸರಿಮಾಡಿಕೊಂಡಳು. ಎಲೆಕೋಸು ಎಂದಳು.

ಅತ್ತೆ. ಯಾಕೆ ಅತ್ತೆನೋ ಗೊತ್ತಿಲ್ಲ, ರಾತ್ರಿ ನಿದ್ದೆ ಸರಿಯಾಗಿರಲಿಲ್ಲ. ಆ ಏರ್ಪಾಡು ಕಟ್ಟಿದ್ದು ದಡ್ಡರಿಗಾಗಿ, ದಡ್ಡರನ್ನು ಕಾಪಾಡಿತು.

ಟೊಯ್ವೊನೆನ್ ಚರ್ಚಿಗೆ ಫೋನ್ ಮಾಡಿ ಯಾರೂ ಎತ್ತದೆ, ಡ್ಯಾರೆಲ್ ಮನೆಗೆ ಮಾಡಿ, ಅವನಿಂದ ನನ್ನ ನಂಬರು ಕಿತ್ತುಕೊಂಡಿದ್ದಾನೆ.

"ನೀನೇ ಏನಮ್ಮಾ ಓದಿದ್ದು? ಎಲೆಕೋಸಿನ ಮೇಲೆ ಹಳೇ ದ್ವೇಷ ಇದ್ದ ಹಾಗಿತ್ತು."

"ಚೆನ್ನಾಗಿರ್ಲಿಲ್ಲ, ಗೊತ್ತು."

"ಚೆನ್ನಾಗಿರ್ಲಿಲ್ಲ" ಎಂದು ಒಪ್ಪಿದ. "ಆದ್ರೆ ಸಾಮಾನಿನ ಪಟ್ಟಿ ಪೂರ್ತಿ ನಾನೇ ಹೇಳಿದೆ. ಸೊಸೆ ಬರ್ಕೊಂಡ್ಲು."

ಫೆಬ್ರವರಿ ೨೮, ಶುಕ್ರವಾರ

ಒಪ್ಪಂದದ ಕೊನೆಯ ದಿನ. ತಿಂಗಳು ಪೂರ್ತಿ ಒಂದು ಗಂಟೆಯೂ ಮೂಕಾಗಲಿಲ್ಲ. ಕಾಲೇಜಿನವರು ಮುಂದುವರಿಸಿ ಎಂದಿದ್ದಾರೆ. ಡ್ಯಾರೆಲ್ ಕೈ ಕುಲುಕಲು ಹೋಗಿ, ಪಟ್ಟಿ ಕಟ್ಟಿದ ಕೈ ಎಂದು ನೆನಪಾಗಿ, ಇನ್ನೊಂದು ಕೈ ಕೊಟ್ಟ. ಭಾಷಣವಿಲ್ಲ, ಸದ್ಯ.

ನಿನ್ನೆ ಸಂಜೆ ಐಯೋನ್ ಬಂದಿದ್ದಳು. ಹೋದ ವಾರ ಅಳಿಸಿದ್ದು ನಾನೇ ಎಂದು ಅವಳಿಗೆ ಹೇಳಿದೆ, ಇನ್ನಾರಿಗೂ ಹೇಳಿಲ್ಲ. ನಗುತ್ತಾಳೆ ಎಂದುಕೊಂಡಿದ್ದೆ.

"ಮತ್ತೆ ಕಸ ಬಿಟ್ಟು ಹೋಗಕ್ಕಾಗತ್ತಾ?" ಎಂದಳಷ್ಟೇ.

ಮಾಂಸ, ಮೊಟ್ಟೆ, ಹಾಲು ಅವಳು ಓದಿದಳು. ತರಕಾರಿ ಮತ್ತು ಡಬ್ಬಿ ಸಾಮಾನು ನನ್ನ ಪಾಲಿಗೆ ಬಂತು. ಮುಂದಿನ ಗುರುವಾರವೂ ಹೋಗಬೇಕು. ಸಂಬಳವಿಲ್ಲ, ಆದರೆ ಏರ್ಪಾಡಿನ ಮೇಲೆ ಒಂದು ಕಣ್ಣಿಡುವವರು ಬೇಕಲ್ಲ? ಈ ಜನರನ್ನು ನಂಬಿ ಬಿಡಲಾಗದು.

ಓದಿ ಮುಗಿದ ಮೇಲೆ ಎತ್ತಿಡುವ ಸರದಿ ನನ್ನದು. ಐಯೋನ್ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಬಂದು, ಮೇಜಿನ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ದೀಪಕ್ಕೆ ಹಿಡಿದಳು.

"ಚೆನ್ನಾಗಿ ಒರೆಸಿದ್ದೀಯ" ಎಂದಳು.

ಆ ಮಾತಿಗೆ ನಾನು ಹಿಗ್ಗಲಿಲ್ಲ. ಸುಮ್ಮನೆ ಬರೆದಿಡುತ್ತಿದ್ದೇನೆ, ಅಷ್ಟೇ.